ಸ್ಟೋಕ್ ಪೋಜಸ್ ಚರ್ಚಿನ ಹಳೆಯ ಅಂಚೆಕಾರ್ಡು: ಕಾಲ, ಬೆಲೆ, ಜೋಪಾನ

ಪ್ರಶ್ನೆ:
ನಮಸ್ಕಾರ ಸರ್. ನಮ್ಮ ಮುತ್ತಜ್ಜನವರು ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರ ಟ್ರಂಕಿನಲ್ಲಿ ಇಂಗ್ಲೆಂಡಿನ ಸ್ಟೋಕ್ ಪೋಜಸ್ ಎಂಬ ಹಳ್ಳಿಯ ಚರ್ಚಿನ ಬಣ್ಣದ ಚಿತ್ರವಿರುವ ಒಂದು ಪೋಸ್ಟ್‌ಕಾರ್ಡ್ ಸಿಕ್ಕಿದೆ. ಗಣಿಯಲ್ಲಿದ್ದ ಒಬ್ಬ ಇಂಗ್ಲಿಷ್ ಅಧಿಕಾರಿಗೆ ಬಂದ ಕಾರ್ಡು ಅದು. ಅವರು ಊರಿಗೆ ಮರಳುವಾಗ ಕೊಟ್ಟು ಹೋದರೆಂದು ಮನೆಯಲ್ಲಿ ಹೇಳುತ್ತಾರೆ. ಹಿಂಬದಿಯಲ್ಲಿ ಎಡ್ವರ್ಡ್ ದೊರೆಯ ಒಂದು ಪೆನ್ನಿಯ ಕೆಂಪು ಅಂಚೆಚೀಟಿ ಇದೆ. ಠಸ್ಸೆಯಲ್ಲಿ ‘ಸ್ಲೌ’ ಎಂಬ ಊರಿನ ಹೆಸರೂ ಆಗಸ್ಟ್ ತಿಂಗಳೂ ಕಾಣುತ್ತವೆ, ವರ್ಷ ಮಾತ್ರ ಅಳಿಸಿದೆ. ಹಿಂಬದಿಯ ಎಡಭಾಗ ಪೂರ್ತಿ ಖಾಲಿ ಇದ್ದು, ಅಲ್ಲಿ ‘ಒಳನಾಡಿನ ಅಂಚೆಗೆ ಮಾತ್ರ ಈ ಜಾಗದಲ್ಲಿ ಬರೆಯಬಹುದು’ ಎಂಬ ಅರ್ಥದ ಸಾಲು ಅಚ್ಚಾಗಿದೆ. ಎರಡು ಸಾಲಿನ ಕುಶಲ ವಿಚಾರವನ್ನು ಚಿತ್ರದ ಕೆಳಗಿನ ಬಿಳಿ ಅಂಚಿನಲ್ಲಿ ಒತ್ತೊತ್ತಾಗಿ ಬರೆದಿದ್ದಾರೆ. ಪ್ರಕಾಶಕರ ಹೆಸರಿರುವ ಕಡೆ ‘ಫ್ರಿತ್ಸ್ ಸೀರೀಸ್, ರೈಗೇಟ್’ ಎಂದಿದೆ. ಈಗಿನ ಫೋಟೊಗಳಲ್ಲಿ ಈ ಚರ್ಚಿನ ಗೋಪುರಕ್ಕೆ ಚೂಪು ಶಿಖರವಿಲ್ಲ, ಕಾರ್ಡಿನಲ್ಲಿ ಇದೆ. ಇದು ಅದೇ ಚರ್ಚೇ? ಯಾವ ವರ್ಷದ್ದು? ಬೆಲೆ ಎಷ್ಟಿರಬಹುದು? ಅಂಚೆಚೀಟಿಯನ್ನು ಬಿಡಿಸಿ ಬೇರೆ ಆಲ್ಬಮ್ಮಿಗೆ ಹಾಕಬಹುದೇ?

ಉತ್ತರ:
ಮೊದಲು ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಇದರಲ್ಲಿ ತಡವಾದರೆ ಉಳಿದ ಉತ್ತರಗಳಿಂದ ಪ್ರಯೋಜನವಿಲ್ಲ. ದಯವಿಟ್ಟು ಅಂಚೆಚೀಟಿಯನ್ನು ಬಿಡಿಸಬೇಡಿ. ಎಡ್ವರ್ಡ್ ದೊರೆಯ ಒಂದು ಪೆನ್ನಿಯ ಚೀಟಿಗಳು ಅಪಾರ ಸಂಖ್ಯೆಯಲ್ಲಿ ಅಚ್ಚಾಗಿದ್ದು, ಬಿಡಿಯಾಗಿ ಅವಕ್ಕೆ ಹೇಳಿಕೊಳ್ಳುವಂಥ ಬೆಲೆಯಿಲ್ಲ. ಅದೇ ಚೀಟಿ ಠಸ್ಸೆ ಮತ್ತು ವಿಳಾಸಗಳ ಜೊತೆಯಲ್ಲಿದ್ದಾಗ ಈ ಕಾರ್ಡು ಎಲ್ಲಿಂದ ಹೊರಟು ಎಲ್ಲಿಗೆ ಬಂತೆಂಬುದಕ್ಕೆ ಸಾಕ್ಷಿಯಾಗುತ್ತದೆ.

ಚರ್ಚು ಅದೇ, ಬಕಿಂಗ್‌ಹ್ಯಾಮ್‌ಶೈರಿನ ಸೇಂಟ್ ಜೈಲ್ಸ್ ಚರ್ಚು. ಕವಿ ಥಾಮಸ್ ಗ್ರೇ 1751ರಲ್ಲಿ ಪ್ರಕಟಿಸಿದ, ನಮ್ಮಲ್ಲಿಯೂ ಎಷ್ಟೋ ತಲೆಮಾರುಗಳು ಕಾಲೇಜಿನಲ್ಲಿ ಓದಿದ ಶೋಕಗೀತೆಗೂ ಈ ಚರ್ಚಿನ ಅಂಗಳದ ಸ್ಮಶಾನಕ್ಕೂ ನಂಟಿದೆ. 1771ರಲ್ಲಿ ತೀರಿಕೊಂಡ ಕವಿಯನ್ನು ಇದೇ ಅಂಗಳದಲ್ಲಿ ತಾಯಿಯ ಸಮಾಧಿಯಲ್ಲಿಯೇ ಹೂಳಿದ್ದಾರೆ. ಗೋಪುರದ ಮೇಲಿದ್ದ ಮರದ ಶಿಖರವನ್ನು 1920ರ ದಶಕದಲ್ಲಿ ಇಳಿಸಿದರು. ಆದ್ದರಿಂದ ಶಿಖರವಿರುವ ಚಿತ್ರ ಅದಕ್ಕಿಂತ ಹಿಂದಿನದು. ಆದರೆ ಇದರಿಂದ ಚಿತ್ರ ತೆಗೆದ ಕಾಲ ಗೊತ್ತಾಗುತ್ತದೆಯೇ ಹೊರತು ಕಾರ್ಡು ಅಂಚೆಗೆ ಬಿದ್ದ ಕಾಲವಲ್ಲ. ಫ್ರಿತ್ ಸಂಸ್ಥೆ ಒಂದೇ ಗಾಜಿನ ನೆಗೆಟಿವನ್ನು ಬಹಳ ವರ್ಷ ಬಳಸುತ್ತಿತ್ತು. ಚಿತ್ರದ ಶೀರ್ಷಿಕೆಯ ಪಕ್ಕದಲ್ಲಿ ಸಣ್ಣ ಅಂಕಿಯಿದ್ದರೆ ಅದು ನೆಗೆಟಿವಿನ ಸಂಖ್ಯೆ. ಸಂಸ್ಥೆ 1971ರಲ್ಲಿ ಮುಚ್ಚಿದರೂ ಅದರ ಚಿತ್ರಸಂಗ್ರಹ ಉಳಿದಿದ್ದು, ಆ ಸಂಖ್ಯೆಯಿಂದ ಫೋಟೊ ತೆಗೆದ ವರ್ಷವನ್ನು ಹುಡುಕಬಹುದು.

ಈ ಕಾರ್ಡಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಆ ಖಾಲಿ ಎಡಭಾಗ. ಬ್ರಿಟನ್ನಿನಲ್ಲಿ 1902ರವರೆಗೆ ಚಿತ್ರದ ಕಾರ್ಡಿನ ಹಿಂಬದಿಯಲ್ಲಿ ವಿಳಾಸ ಬಿಟ್ಟು ಬೇರೇನನ್ನೂ ಬರೆಯುವಂತಿರಲಿಲ್ಲ. ಒಕ್ಕಣೆಯೆಲ್ಲ ಚಿತ್ರದ ಬದಿಗೇ ಹೋಗಬೇಕಿತ್ತು. ಆ ವರ್ಷ ಅಂಚೆ ಇಲಾಖೆ ಹಿಂಬದಿಯನ್ನು ಎರಡು ಭಾಗ ಮಾಡಲು ಒಪ್ಪಿತಾದರೂ, ಬೇರೆ ದೇಶಗಳು ಇನ್ನೂ ಒಪ್ಪದಿದ್ದ ಕಾರಣ ‘ಒಳನಾಡಿಗೆ ಮಾತ್ರ’ ಎಂಬ ಎಚ್ಚರಿಕೆಯ ಸಾಲನ್ನು ಪ್ರಕಾಶಕರು ಅಚ್ಚು ಹಾಕತೊಡಗಿದರು. 1906ರಲ್ಲಿ ರೋಮ್ ನಗರದಲ್ಲಿ ಸೇರಿದ ವಿಶ್ವ ಅಂಚೆ ಒಕ್ಕೂಟದ ಸಮ್ಮೇಳನ ಇದನ್ನು ಎಲ್ಲೆಡೆಗೂ ಒಪ್ಪಿಕೊಂಡು, 1907ರ ಅಕ್ಟೋಬರಿನಿಂದ ಜಾರಿಗೆ ಬಂದ ಮೇಲೆ ಆ ಸಾಲು ಅನಗತ್ಯವಾಯಿತು. ನಿಮ್ಮ ಕಾರ್ಡು ಕಳಿಸಿದವರು ಆ ನಿಯಮವನ್ನು ಅಕ್ಷರಶಃ ಪಾಲಿಸಿ, ಅಷ್ಟು ದೊಡ್ಡ ಜಾಗವನ್ನು ಖಾಲಿ ಬಿಟ್ಟು, ಚಿತ್ರದ ಅಂಚಿನಲ್ಲಿ ಅಕ್ಷರಗಳನ್ನು ಇಕ್ಕಟ್ಟಾಗಿ ಕೂಡಿಸಿದ್ದಾರೆ.

ಅಂಚೆದರವೂ ಇದಕ್ಕೆ ಹೊಂದುತ್ತದೆ. ಇಂಗ್ಲೆಂಡಿನ ಒಳಗೆ ಕಾರ್ಡಿಗೆ ಅರ್ಧ ಪೆನ್ನಿ ಸಾಕಾಗುತ್ತಿತ್ತು, ಅದು 1918ರವರೆಗೂ ಹಾಗೆಯೇ ಇತ್ತು. ಸಮುದ್ರ ದಾಟುವ ಕಾರ್ಡಿಗೆ ಒಂದು ಪೆನ್ನಿ. ಎಡ್ವರ್ಡ್ ಚಿತ್ರದ ಚೀಟಿಗಳು 1902ರ ಜನವರಿಯಲ್ಲಿ ಬಂದವು. ಇವೆಲ್ಲವನ್ನೂ ಕೂಡಿಸಿ ನೋಡಿದರೆ, ಇದು 1902ರಿಂದ 1907ರ ನಡುವಿನ ಒಂದು ಆಗಸ್ಟಿನಲ್ಲಿ ಹೊರಟ ಕಾರ್ಡು ಎಂದು ನನ್ನ ಅಭಿಪ್ರಾಯ. ಹಳೆಯ ದಾಸ್ತಾನಿನ ಕಾರ್ಡನ್ನು ಒಂದೆರಡು ವರ್ಷ ತಡವಾಗಿ ಬಳಸಿರುವ ಸಾಧ್ಯತೆಯನ್ನು ಮಾತ್ರ ತಳ್ಳಿಹಾಕಲಾಗದು.

ವರ್ಷವನ್ನು ಖಚಿತವಾಗಿ ಓದಲು ಒಂದು ದಾರಿಯಿದೆ. ಹಿಂಬದಿಯನ್ನು ಹೆಚ್ಚಿನ ಸ್ಪಷ್ಟತೆಯಲ್ಲಿ ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಿ, ಚಿತ್ರ ತಿದ್ದುವ ಯಾವುದಾದರೂ ತಂತ್ರಾಂಶದಲ್ಲಿ ಕೆಂಪು ಚಾನೆಲ್ (ಚಿತ್ರದ ಕೆಂಪು ಬಣ್ಣದ ಪದರ) ಒಂದನ್ನೇ ತೆರೆದು ನೋಡಿ. ಕೆಂಪು ಚೀಟಿ ಬಹುಮಟ್ಟಿಗೆ ಬೆಳ್ಳಗಾಗಿ ಹಿಂದೆ ಸರಿಯುತ್ತದೆ, ಕಪ್ಪು ಠಸ್ಸೆಯ ಗೆರೆಗಳು ಎದ್ದು ಕಾಣುತ್ತವೆ. ಜೊತೆಗೆ ಕಾರ್ಡಿನ ಎರಡೂ ಬದಿಗಳಲ್ಲಿ ಎಲ್ಲಾದರೂ ಇನ್ನೊಂದು ದುಂಡು ಗುರುತು ಇದೆಯೇ ಹುಡುಕಿ. ಇಲ್ಲಿಗೆ ತಲುಪಿದಾಗ ನಮ್ಮ ಅಂಚೆ ಕಚೇರಿ ಒತ್ತಿದ ಠಸ್ಸೆ ಇದ್ದರೆ ಅದರಲ್ಲಿಯೂ ತಾರೀಖು ಇರುತ್ತದೆ.

ಬೆಲೆಯ ವಿಷಯ. ಗ್ರೇಯ ಹೆಸರಿನಿಂದಾಗಿ ಈ ಚರ್ಚನ್ನು ನೋಡಲು ಜನ ಬರುತ್ತಲೇ ಇದ್ದುದರಿಂದ ಇದರ ಕಾರ್ಡುಗಳು ಬಹಳ ಅಚ್ಚಾದವು. ಇಂಗ್ಲೆಂಡಿನ ಮಾರಾಟಗಾರರ ಪೆಟ್ಟಿಗೆಗಳಲ್ಲಿ ಸಾಧಾರಣ ಪ್ರತಿಗಳು ಕೆಲವೇ ಪೌಂಡಿಗೆ ಸಿಗುತ್ತವೆ. ನಿಮ್ಮದರ ವಿಶೇಷವಿರುವುದು ವಿಳಾಸದಲ್ಲಿ. ಚಿನ್ನದ ಗಣಿಯ ಪ್ರದೇಶಕ್ಕೆ ಬಂದ, ಬಂದ ದಾರಿ ಮತ್ತು ಉಳಿದುಕೊಂಡ ಮನೆ ಎರಡೂ ಗೊತ್ತಿರುವ ಕಾರ್ಡು ಅಂಚೆ ಇತಿಹಾಸ ಸಂಗ್ರಹಿಸುವವರಿಗೂ ಗಣಿಯ ಚರಿತ್ರೆ ಬರೆಯುವವರಿಗೂ ಬೇಕಾದದ್ದು. ಮಾರುವ ಮನಸ್ಸಿದ್ದರೂ ಮೊದಲು ಮನೆಯ ಹಿರಿಯರು ಹೇಳುವ ಕಥೆಯನ್ನು ಅವರ ಹೆಸರು, ಸಂಬಂಧ ಸಮೇತ ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ. ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿಯೂ ಏನನ್ನೂ ಬರೆಯಬೇಡಿ.

ಇನ್ನೊಬ್ಬ ಸದಸ್ಯೆಯ ಪ್ರಶ್ನೆ:
ಸರ್, ನನ್ನ ಬಳಿಯೂ ಇಂಥದೇ ಹಳ್ಳಿ ಚರ್ಚಿನ ಒಂದು ಕಾರ್ಡಿದೆ, ಆದರೆ ಬಳಸಿಲ್ಲ. ಠಸ್ಸೆ, ಚೀಟಿ ಏನೂ ಇಲ್ಲ. ಅಸಲು ಹಳೆಯದೋ ಈಚಿನ ಮರುಮುದ್ರಣವೋ ಎಂದು ತಿಳಿಯುವುದು ಹೇಗೆ? ಕಂದು ಚುಕ್ಕೆಗಳು ಬಿದ್ದಿವೆ. ಲ್ಯಾಮಿನೇಷನ್ ಮಾಡಿಸಿದರೆ ಉಳಿದೀತೇ?

ಉತ್ತರ:
ಲ್ಯಾಮಿನೇಷನ್ ಖಂಡಿತ ಬೇಡ ಅಮ್ಮಾ. ಬಿಸಿಯೂ ಅಂಟೂ ಕಾಗದದೊಳಕ್ಕೆ ಇಳಿದ ಮೇಲೆ ಯಾವ ತಜ್ಞರಿಂದಲೂ ಅದನ್ನು ಹಿಂದಕ್ಕೆ ತರಲಾಗುವುದಿಲ್ಲ. ನಮ್ಮೂರುಗಳಲ್ಲಿ ಎಷ್ಟೋ ಒಳ್ಳೆಯ ಕಾರ್ಡುಗಳು, ಪತ್ರಗಳು ಹೀಗೆ ಪ್ರೀತಿಯಿಂದಲೇ ಹಾಳಾಗಿರುವುದನ್ನು ಕಂಡು ಸಂಕಟವಾಗುತ್ತದೆ. ಕಂದು ಚುಕ್ಕೆಗೆ ತೇವವೇ ಮುಖ್ಯ ಕಾರಣ. ಅವನ್ನು ರಬ್ಬರಿನಿಂದ ಉಜ್ಜಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ಪಿವಿಸಿ ಅಲ್ಲದ ಪಾಲಿಯೆಸ್ಟರ್ ಲಕೋಟೆಯಲ್ಲಿ ಹಾಕಿ, ಬಿಸಿಲು ಬೀಳದ ಒಣ ಜಾಗದಲ್ಲಿಟ್ಟರೆ ಚುಕ್ಕೆ ಹರಡುವುದು ನಿಧಾನವಾಗುತ್ತದೆ. ಮಳೆಗಾಲ ಕಳೆದ ಮೇಲೊಮ್ಮೆ ತೆಗೆದು ನೋಡಿ, ಬೆಳ್ಳಿಹುಳು ಸೇರಿಲ್ಲವೆಂದು ಖಚಿತ ಮಾಡಿಕೊಳ್ಳಿ.

ಅಸಲನ್ನು ಗುರುತಿಸಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಬೇಕು. ಆಕಾಶದ ಭಾಗವನ್ನು ನೋಡಿ. ಅಚ್ಚಿನ ಚುಕ್ಕೆಗಳೇ ಇಲ್ಲದೆ ಬೂದು ಛಾಯೆ ನುಣ್ಣಗೆ ಹರಿದಿದ್ದರೆ ಅದು ಫೋಟೊ ಕಾಗದದ ಮೇಲೆಯೇ ತೆಗೆದ ಪ್ರತಿಯಾಗಿರಬಹುದು. ಹಳೆಯ ಅಂಥ ಪ್ರತಿಗಳ ಕಪ್ಪು ಭಾಗಗಳು ಓರೆ ಬೆಳಕಿನಲ್ಲಿ ಎಷ್ಟೋ ವೇಳೆ ಬೆಳ್ಳಿಯಂತೆ ಮಿನುಗುತ್ತವೆ. ಸುಕ್ಕುಸುಕ್ಕಾದ ಸಣ್ಣ ಕಣಗಳು ಕಂಡರೆ ಕಾಲೋಟೈಪ್ ಎಂಬ ಹಳೆಯ ಮುದ್ರಣ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳು ಸಾಲಾಗಿ ಹೂವಿನಾಕಾರದಲ್ಲಿ ಕೂತಿದ್ದು, ಕಾಗದ ಅಚ್ಚ ಬಿಳುಪಾಗಿ ಹೊಳೆಯುತ್ತಿದ್ದರೆ ಈಚಿನ ಆಫ್‌ಸೆಟ್ ಮರುಮುದ್ರಣವೆಂದು ಅನುಮಾನಿಸಬೇಕು. ನೋಟುಗಳನ್ನು ಪರೀಕ್ಷಿಸುವ ಅತಿನೇರಳೆ ದೀಪದ ಕೆಳಗೂ ಒಮ್ಮೆ ಹಿಡಿಯಿರಿ. ಕಾಗದವನ್ನು ಬೆಳ್ಳಗೆ ಮಾಡುವ ಈಗಿನ ರಾಸಾಯನಿಕಗಳು ಎರಡನೇ ಮಹಾಯುದ್ಧದ ನಂತರವೇ ಬಳಕೆಗೆ ಹರಡಿದ್ದರಿಂದ, ಕಾರ್ಡು ನೀಲಿಯಾಗಿ ಬೆಳಗಿದರೆ ಅದು 1900ರ ಸುಮಾರಿನದಾಗಿರಲು ಸಾಧ್ಯವಿಲ್ಲ. ಎರಡೂ ಬದಿಯ ಸ್ಕ್ಯಾನ್ ಮತ್ತು ಆಕಾಶದ ಭಾಗದ ಹತ್ತಿರದ ಚಿತ್ರವನ್ನು ಇಲ್ಲಿಯೇ ಹಾಕಿದರೆ ನೋಡಿ ಹೇಳುತ್ತೇನೆ.