ಬಸುರಿಗೆ ಮನೆಗೆಲಸವೇ ವ್ಯಾಯಾಮ ಅಲ್ವಾ?

ಪ್ರಶ್ನೆ (ಶಿರಸಿ ಹತ್ತಿರದ ಹಳ್ಳಿಯ ಸದಸ್ಯೆ):
ಮೇಡಂ, ನನಗೆ ಐದು ತಿಂಗಳು ತುಂಬಿತು. ಮೊದಲನೆಯದು. ಈಗ ಅಡಿಕೆ ಸುಲಿಯುವ ಕಾಲ. ಅತ್ತೆ "ನಾವೆಲ್ಲ ಹೆರಿಗೆ ಹಿಂದಿನ ದಿನದವರೆಗೂ ಸುಲಿದವರು, ಅದಕ್ಕಿಂತ ವ್ಯಾಯಾಮ ಬೇಕಾ?" ಅಂತಾರೆ. ಅಮ್ಮ ಫೋನ್ ಮಾಡಿದಾಗೆಲ್ಲ "ಬಗ್ಗಬೇಡ, ಮೆಟ್ಟಿಲು ಹತ್ತಬೇಡ, ಸುಮ್ನೆ ಮಲಗಿರು" ಅಂತಾಳೆ. ಸಂಜೆಯಾದರೆ ಸೊಂಟ ಹಿಡಿದುಕೊಳ್ಳುತ್ತದೆ. ಯಾರ ಮಾತು ಕೇಳಲಿ? ನಾರ್ಮಲ್ ಆಗಬೇಕಂದ್ರೆ ಏನು ಮಾಡಬೇಕು?

ಉತ್ತರ (ಫಿಸಿಯೋಥೆರಪಿಸ್ಟ್):
ಮೊದಲು ಸೊಂಟದ ವಿಷಯ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ತಾಸುಗಟ್ಟಲೆ ಕೂತರೆ ಕೈ ಮಾತ್ರ ಕೆಲಸ ಮಾಡುತ್ತದೆ. ಬೆನ್ನು ಬಗ್ಗಿಯೇ ಇರುತ್ತದೆ, ಕಾಲು ಮರಗಟ್ಟುತ್ತದೆ. ದಣಿವು ಖಂಡಿತ ಆಗುತ್ತದೆ, ಆದರೆ ಹೆರಿಗೆಗೆ ಬೇಕಾದ ತಯಾರಿ ಆಗುವುದಿಲ್ಲ. ಅಡಿಕೆ ಸುಲಿಯಬೇಡಿ ಅಂತಲ್ಲ. ಅರ್ಧ ತಾಸಿಗೊಮ್ಮೆ ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ.

ಅಮ್ಮನ ಮಾತು ಎಲ್ಲರಿಗೂ ಹೊಂದುವುದಿಲ್ಲ. ರಕ್ತ ಹೋಗುತ್ತಿದ್ದರೆ, ಬಿಪಿ ಏರಿದ್ದರೆ, ಮಾಸು ಗರ್ಭದ ಬಾಯಿಗೆ ಅಡ್ಡ ಇದ್ದರೆ, ಗರ್ಭದ ಬಾಯಿಗೆ ಹೊಲಿಗೆ ಹಾಕಿದ್ದರೆ, ಹಿಮೋಗ್ಲೋಬಿನ್ ತೀರಾ ಕಡಿಮೆ ಇದ್ದರೆ ವ್ಯಾಯಾಮ ಬೇಡ. ಮುಂದಿನ ತಪಾಸಣೆಗೆ ತಾಯಿ ಕಾರ್ಡ್ ಒಯ್ಯುವಾಗ ಡಾಕ್ಟರನ್ನು ನೇರವಾಗಿ ಕೇಳಿ: "ನಾನು ನಡೆಯಬಹುದಾ, ವ್ಯಾಯಾಮ ಮಾಡಬಹುದಾ?" ಅವರು ಹೂಂ ಅಂದರೆ ಮಲಗಿಯೇ ಇರಬೇಕಾದ ಕಾರಣ ಇಲ್ಲ.

ವಾರಕ್ಕೆ 150 ನಿಮಿಷ ಚುರುಕು ನಡಿಗೆ ಸಾಕು. ಅಂದರೆ ವಾರದಲ್ಲಿ ಐದು ದಿನ ಅರ್ಧ ತಾಸು. ರೂಢಿ ಇಲ್ಲದಿದ್ದರೆ ಹತ್ತು ನಿಮಿಷದಿಂದ ಶುರು ಮಾಡಿ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಕಷ್ಟವಾಗಬೇಕು. ಅದೇ ಅಳತೆ. ತೋಟದ ಇಳಿಜಾರು, ಪಾಚಿ ಕಟ್ಟಿದ ಮೆಟ್ಟಿಲು ಬೇಡ, ರಸ್ತೆಯಲ್ಲೇ ನಡೆಯಿರಿ.

ಇನ್ನೊಂದನ್ನು ನಮ್ಮ ಕಡೆ ಯಾರೂ ಹೇಳಿಕೊಡುವುದಿಲ್ಲ, ನಾಚಿಕೆ. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಜೋಲಿಯಂತೆ ಹಿಡಿದಿರುವ ಸ್ನಾಯುಗಳಿವೆ. ಮೂತ್ರವನ್ನೂ ಗಾಳಿಯನ್ನೂ ಒಟ್ಟಿಗೆ ತಡೆದ ಹಾಗೆ ಅವನ್ನು ಒಳಗೆಳೆಯಿರಿ. ಐದು ಎಣಿಸುವವರೆಗೆ ಹಿಡಿದು ಪೂರ್ತಿ ಸಡಿಲ ಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬೇಡಿ. ಮೂತ್ರ ಮಾಡುವಾಗ ಇದನ್ನು ಅಭ್ಯಾಸ ಮಾಡಬೇಡಿ. ಸಡಿಲ ಬಿಡುವುದನ್ನೂ ಕಲಿಯಬೇಕು, ಮಗು ಹೊರಬರುವಾಗ ಬೇಕಾಗುವುದು ಅದೇ. ಹೆರಿಗೆ ಆದಮೇಲೆ ಕೆಮ್ಮಿದರೆ, ಸೀನಿದರೆ ಮೂತ್ರ ಸೋರುವುದನ್ನು ತಡೆಯಲು ಇದರಷ್ಟು ಉಪಯೋಗದ ವ್ಯಾಯಾಮ ಬೇರೆ ಇಲ್ಲ.

ಸೊಂಟಕ್ಕೆ: ಮಂಡಿ, ಅಂಗೈ ಊರಿ ಅಂಬೆಗಾಲಿನ ಭಂಗಿಯಲ್ಲಿ ನಿಂತು, ಬೆನ್ನನ್ನು ನಿಧಾನ ಮೇಲಕ್ಕೆ ಬಾಗಿಸಿ, ಮತ್ತೆ ನೇರ ಮಾಡಿ. ಕಿಟಕಿ ಸರಳು ಹಿಡಿದು ಕುಕ್ಕರಗಾಲಲ್ಲಿ ಕೂತು ಏಳಬಹುದು. ತೊಡೆಸಂದಿಯಲ್ಲಿ ನೋವಿದ್ದರೆ ಅದು ಬೇಡ. ಇನ್ನು ಮುಂದೆ ಬಹಳ ಹೊತ್ತು ಅಂಗಾತ ಮಲಗಿ ವ್ಯಾಯಾಮ ಮಾಡಬೇಡಿ. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತಬಹುದು.

ನಾರ್ಮಲ್ ಆಗುತ್ತದೆ ಅಂತ ನಾನು ಮಾತು ಕೊಡಲಾರೆ. ಹಾಗೆ ಮಾತು ಕೊಟ್ಟು ಕ್ಲಾಸ್ ಮಾರುವವರನ್ನು ನಂಬಬೇಡಿ. ವ್ಯಾಯಾಮದಿಂದ ಬಸಿರಿನ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಕಡಿಮೆಯಾಗುತ್ತದೆ, ತೂಕ ಹಿಡಿತದಲ್ಲಿರುತ್ತದೆ. ಆದರೆ ಮಗು ಅಡ್ಡ ಮಲಗಿದ್ದರೆ ನೀವೆಷ್ಟು ನಡೆದರೂ ಸಿಸೇರಿಯನ್ ಬೇಕಾಗಬಹುದು. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ವ್ಯಾಯಾಮದ ನಡುವೆ ರಕ್ತ ಅಥವಾ ನೀರು ಹೋದರೆ, ಎದೆನೋವು, ತಲೆಸುತ್ತು, ಬಿಟ್ಟುಬಿಟ್ಟು ಹೊಟ್ಟೆನೋವು ಬಂದರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಪ್ರಶ್ನೆ (ಕಾರವಾರದ ಸದಸ್ಯೆ):
ಅಕ್ಕಾ, ನನಗೆ ಎಂಟು ತಿಂಗಳು. ಟ್ಯಾಗೋರ್ ಬೀಚಿನಲ್ಲಿ ಸಂಜೆ ನಡೆಯುತ್ತೇನೆ. ಮರಳಲ್ಲಿ ನಡೆದರೆ ಒಳ್ಳೆಯದಾ? ಹೆರಿಗೆ ನೋವು ಬಂದಾಗ ಏನು ಮಾಡಬೇಕು?

ಉತ್ತರ:
ಒಣ ಮರಳು ಬೇಡ. ಕಾಲು ಹೂತು ಸೊಂಟ ತಿರುಚುತ್ತದೆ, ಈಗ ಕೀಲುಗಳೂ ಸಡಿಲ. ಅಲೆ ಬಂದುಹೋಗಿ ಗಟ್ಟಿಯಾದ ಒದ್ದೆ ಮರಳು ಪರವಾಗಿಲ್ಲ, ತೀರಾ ಇಳಿಜಾರಾಗಿದ್ದರೆ ಅದೂ ಬೇಡ. ಕರಾವಳಿ ಸೆಖೆಗೆ ಬೆವರು ಜಾಸ್ತಿ, ನೀರಿನ ಬಾಟಲಿ ಕೈಯಲ್ಲಿರಲಿ.

ನೋವು ಶುರುವಾದ ಮೇಲೆ ಮಂಚ ಹಿಡಿದು ಮಲಗುವುದಕ್ಕಿಂತ ಓಡಾಡುವುದು, ಕೂರುವುದು, ಮುಂದಕ್ಕೆ ಒರಗಿ ನಿಲ್ಲುವುದು ಒಳ್ಳೆಯದು. ಮೊದಲ ಹಂತ ಸುಮಾರು ಒಂದು ತಾಸು ಕಡಿಮೆಯಾಗಬಹುದು. ನಿಮ್ಮ ಆಸ್ಪತ್ರೆಯಲ್ಲಿ ಓಡಾಡಲು, ಜೊತೆಗೊಬ್ಬರು ಇರಲು ಬಿಡುತ್ತಾರಾ ಅಂತ ಈಗಲೇ ಕೇಳಿಡಿ. ನೋವಿನ ಅಲೆ ಬಂದಾಗ ಮೂಗಿನಿಂದ ಉಸಿರೆಳೆದು ಬಾಯಿಂದ ಉದ್ದಕ್ಕೆ ಬಿಡಿ. ಯಜಮಾನರಿಗೆ ಸೊಂಟದ ಕೆಳಭಾಗ ಅಂಗೈಯಿಂದ ಒತ್ತಲು ಈಗಲೇ ಕಲಿಸಿ. ಆ ಹೊತ್ತಿನಲ್ಲಿ ಕಲಿಸಲು ನಿಮಗೆ ತಾಳ್ಮೆ ಇರುವುದಿಲ್ಲ!

ಪ್ರಶ್ನೆ (ಕುಮಟಾದ ಸದಸ್ಯೆ):
ಬಾಣಂತನದಲ್ಲಿ ಹೊಟ್ಟೆಗೆ ಬಟ್ಟೆ ಬಿಗಿದು 40 ದಿನ ಮಲಗಿಸುತ್ತಾರಲ್ಲ, ಅದು ಸರಿಯಾ?

ಉತ್ತರ:
ಬಟ್ಟೆ ಕಟ್ಟಿದರೆ ಸೊಂಟಕ್ಕೆ ಆಸರೆ, ಅಷ್ಟೇ. ಹೊಟ್ಟೆಯ ಸ್ನಾಯು ಅದರಿಂದ ಕೂಡಿಕೊಳ್ಳುವುದಿಲ್ಲ. ತೀರಾ ಬಿಗಿದರೆ ಒತ್ತಡವೆಲ್ಲ ಕೆಳಗೆ ಬೀಳುತ್ತದೆ. ಬಾಣಂತಿಗೆ ವಿಶ್ರಾಂತಿ ಬೇಕು, ಆದರೆ ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ತೊಂದರೆಯಿಲ್ಲದ ನಾರ್ಮಲ್ ಹೆರಿಗೆಯಾದರೆ ಮರುದಿನದಿಂದಲೇ ಮನೆಯೊಳಗೆ ನಡೆಯಬಹುದು, ಕೆಳಗಿನ ಸ್ನಾಯುವಿನ ವ್ಯಾಯಾಮವನ್ನು ಮೆಲ್ಲಗೆ ಶುರು ಮಾಡಬಹುದು. ಸಿಸೇರಿಯನ್ ಆಗಿದ್ದರೆ ಮೊದಲು ಪಾದ ಆಡಿಸುವುದು, ಆಳ ಉಸಿರು, ಡಾಕ್ಟರು ಹೇಳಿದಂತೆ ಎದ್ದು ನಡೆಯುವುದು. ಮಗುವಿಗಿಂತ ಭಾರದ್ದು ಏನನ್ನೂ ಆರು ವಾರ ಎತ್ತಬೇಡಿ, ಬಾವಿಯಿಂದ ನೀರು ಸೇದುವುದಂತೂ ಬೇಡವೇ ಬೇಡ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಎಣ್ಣೆ ತಿಕ್ಕಿಸದೆ ಅವತ್ತೇ ಆಸ್ಪತ್ರೆಗೆ ಹೋಗಿ. ಹಾಂ, ನಿಮಗೆ ಆಪರೇಷನ್ ಆಗಿದೆ ಅಂತ ಸ್ನಾನ ಮಾಡಿಸಲು ಬರುವ ಅಮ್ಮನಿಗೆ ಮೊದಲೇ ಹೇಳಿಬಿಡಿ, ಹೊಲಿಗೆ ಇರುವ ಕಡೆ ತಿಕ್ಕುವುದು ಬೇಡ.