500 ಎಚ್‌ಪಿ ಗಾಡಿ, ಹಿಂದೆ ಟ್ರೇಲರ್: 70 ದಾಟಿದ್ರೆ ಬಾಲ ಬೀಸುತ್ತೆ, ಯಾಕೆ?

ಕೆಸರುಪ್ರೇಮಿ_ಕೆಎ22
ನಮಸ್ಕಾರ್ರೀ ಎಲ್ಲರಿಗೂ. ನನ್ನ ಹತ್ರ 2012ರ ಪೋರ್ಶೆ ಕಯೆನ್ ಟರ್ಬೊ ಇದೆ, ಪುಣೆಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು. 4.8 ಲೀಟರ್ ವಿ8, 500 ಎಚ್‌ಪಿ, 700 ಎನ್ಎಂ ಟಾರ್ಕ್. ತಮ್ಮನ ಹಳೇ ಮಾರುತಿ ಜಿಪ್ಸಿಯನ್ನ ಕೆಸರಲ್ಲಿ ಗಾಡಿ ಓಡಿಸೋ ಆಟಕ್ಕೆ ಚೋರ್ಲಾ ಘಾಟ್ ಇಳಿದು ಗೋವಾ ಕಡೆ ಒಯ್ಯಬೇಕು. ಓಡಿಸಿಕೊಂಡು ಹೋದ್ರೆ ಆ ದಪ್ಪ ಟೈರಿನ ಸದ್ದಿಗೆ ಜಾಂಬೋಟಿ ಮುಟ್ಟೋದರೊಳಗೆ ತಲೆನೋವು ಬರುತ್ತೆ. ಅದಕ್ಕೆ ಉದ್ಯಮಬಾಗದಲ್ಲಿ ಒಂಟಿ ಆಕ್ಸಲ್‌ನ ಟ್ರೇಲರ್ ಮಾಡಿಸಿದೆ. ಖಾಲಿ 540 ಕೆಜಿ, ಜಿಪ್ಸಿ ಏರಿಸಿದ ಮೇಲೆ 1,580. ಕಬ್ಬು ತೂಗೋ ಕಾಟಾದಲ್ಲೇ ತೂಗಿಸಿದ್ದು.

ಮೊನ್ನೆ ಹೈವೇ ಮೇಲೆ ಹತ್ತರಗಿ ಕಡೆ ಟ್ರಯಲ್ ಹೊರಟೆ. 60ರ ತನಕ ಬೆಣ್ಣೆ ಇದ್ದ ಹಾಗೆ. 70 ದಾಟಿದೆ, ಪಕ್ಕದಲ್ಲಿ ಒಂದು ಲಾರಿ ಹೋಯ್ತು, ಅಷ್ಟೇ. ಕನ್ನಡಿಯಲ್ಲಿ ನೋಡಿದ್ರೆ ಜಿಪ್ಸಿ ಒಮ್ಮೆ ಎಡಕ್ಕೆ ಇಣುಕುತ್ತೆ, ಒಮ್ಮೆ ಬಲಕ್ಕೆ. ಬ್ರೇಕ್ ಒತ್ತಿದೆ, ಇನ್ನೂ ಜಾಸ್ತಿ ಆಯ್ತು. ಕೈಕಾಲು ತಣ್ಣಗಾದವು. ಇಷ್ಟು ಪವರ್ ಇದ್ದೂ ಹೀಗ್ಯಾಕೆ?

ಅಥಣಿ_ಕಬ್ಬಿನಗಾಡಿ
ಪವರ್‌ಗೂ ಇದಕ್ಕೂ ಸಂಬಂಧ ಇಲ್ಲ ಅಣ್ಣಾ. ಚಕ್ಕಡಿ ಹೇರೋದು ನೋಡಿದ್ದೀರಲ್ವಾ? ಹಿಂಭಾರ ಆದ್ರೆ ಮೂಕಿ ಮೇಲೆದ್ದು ನೊಗ ಎತ್ತಿನ ಕೊರಳು ಹಿಡಿಯುತ್ತೆ, ಮುಂಭಾರ ಆದ್ರೆ ಎತ್ತು ಹೆಗಲು ಬಗ್ಗಿಸುತ್ತೆ. ಟ್ರೇಲರಿಗೂ ಅದೇ ಲೆಕ್ಕ. ಕಪ್ಲರ್, ಅಂದ್ರೆ ಗಾಡಿಗೆ ಸಿಕ್ಕಿಸೋ ಟ್ರೇಲರಿನ ಮೂತಿ, ನಿಮ್ಮ ಗಾಡಿಯ ಹುಕ್ಕಿನ ಮೇಲೆ ಸ್ವಲ್ಪ ಭಾರ ಹಾಕಿಕೊಂಡು ಕೂರಬೇಕು, ಒಟ್ಟು ತೂಕದ ನೂರಕ್ಕೆ 5ರಿಂದ 7ರಷ್ಟು. ನಿಮ್ಮ 1,580ಕ್ಕೆ 80ರಿಂದ 110 ಕೆಜಿ. ಅದಕ್ಕಿಂತ ಹಗುರ ಆದ್ರೆ ಸ್ಪೀಡ್ ಏರಿದ ಹಾಗೆ ಬಾಲ ಬೀಸೋದೇ.

ಅಳೆಯೋದು ಸುಲಭ. ಮನೇಲಿ ನಿಂತು ತೂಕ ನೋಡೋ ಮಷಿನ್ ಇರುತ್ತಲ್ಲ, ಅದರ ಮೇಲೆ ಕಟ್ಟಿಗೆ ತುಂಡು ನಿಲ್ಲಿಸಿ, ಹುಕ್ಕಿನ ಎತ್ತರಕ್ಕೇ ಬರೋ ಹಾಗೆ, ಕಪ್ಲರ್ ಅದರ ಮೇಲೆ ಇಡಿ. ಗಾಲಿಗೆ ಕಲ್ಲು ಕೊಡೋದು ಮರೀಬೇಡಿ. ನಾನು ಒಮ್ಮೆ ಮರೆತು ಕಟ್ಟಿಗೆ ಹಾರಿ ಮೊಣಕಾಲಿಗೆ ಬಡಿದಿತ್ತು, ಗುರುತು ಇನ್ನೂ ಇದೆ.

ಮತ್ತೆ ಬಾಲ ಬೀಸಿದ್ರೆ ಗಾಡಿಯ ಬ್ರೇಕ್ ತುಳಿಯಬೇಡಿ. ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೆಟ್ಟಗೆ ಹಿಡಿದುಕೊಂಡು ಕೂತುಬಿಡಿ. ಅದು ಎಡಕ್ಕೆ ಹೋಯ್ತು ಅಂತ ನೀವು ಬಲಕ್ಕೆ ತಿರುಗಿಸಿದ್ರೆ ಅದಕ್ಕೆ ಉಯ್ಯಾಲೆ ತೂಗಿದ ಹಾಗೆ.

ಗುಮ್ಮಟದೂರಿನವ
ಕಯೆನ್ ತಗೊಳ್ಳೋಕೆ ದುಡ್ಡಿದೆ, ಒಂದು ಟಾಟಾ 407 ಲಾರಿ ಬಾಡಿಗೆ ಹೇಳೋಕೆ ಇಲ್ವಾ 😄

ಕೆಸರುಪ್ರೇಮಿ_ಕೆಎ22
@ಗುಮ್ಮಟದೂರಿನವ, ಅದರಲ್ಲಿ ಮಜಾ ಎಲ್ಲಿದೆ ಮಾಮಾ.

@ಅಥಣಿ, ಒಂದು ವಿಷಯ ಹೇಳೋದು ಬಿಟ್ಟಿದ್ದೆ. ಇಳಿಸೋಕೆ ಸುಲಭ ಅಂತ ಜಿಪ್ಸಿಯನ್ನ ರಿವರ್ಸ್‌ನಲ್ಲಿ ಏರಿಸಿದ್ದೆ. ಅಂದ್ರೆ ಇಂಜಿನ್ ಟ್ರೇಲರಿನ ಹಿಂಬದಿಗೆ. ಅದೇ ತಪ್ಪು ಅನ್ನಿಸ್ತಾ ಇದೆ ಈಗ. ಆದ್ರೆ ಕಯೆನ್ ಹಿಂದೆ ಕುಗ್ಗಿರಲೂ ಇಲ್ಲ, ಎದ್ದಿರಲೂ ಇಲ್ಲ, ಎಲ್ಲ ಸರಿ ಇದೆ ಅಂದುಕೊಂಡಿದ್ದೆ.

ಲೇತ್_ಮಾಸ್ತರ
ನಿಮ್ಮ ಗಾಡಿಗೆ ಏರ್ ಸಸ್ಪೆನ್ಷನ್ ರೀ. ಭಾರ ಎಷ್ಟೇ ಬಿದ್ರೂ ತಾನೇ ಗಾಳಿ ತುಂಬಿಕೊಂಡು ಮಟ್ಟ ಮಾಡಿಕೊಳ್ಳುತ್ತೆ. ಕಣ್ಣಳತೆ ಅದಕ್ಕೆ ನಡೆಯಲ್ಲ.

ಆದ್ರೆ ನನಗೆ ಹೆದರಿಕೆ ಬೇರೆ. ಟ್ರೇಲರಿಗೆ ಬ್ರೇಕ್ ಇದೆಯಾ? ನೀವು ಬರೆದಿಲ್ಲ ಅಂದ್ರೆ ಇಲ್ಲ ಅಂತಲೇ ಲೆಕ್ಕ. ಕಯೆನ್ 3,500 ಕೆಜಿ ಎಳೆಯುತ್ತೆ ಅಂತ ಕಂಪನಿ ಹೇಳೋದು ಬ್ರೇಕ್ ಇರೋ ಟ್ರೇಲರಿಗೆ. ಬ್ರೇಕ್ ಇಲ್ಲದಿದ್ರೆ 750 ಅಷ್ಟೇ. ನಿಮ್ಮದು ಅದರ ಎರಡು ಪಟ್ಟು ದಾಟಿದೆ. 2017ರಲ್ಲಿ ಪ್ಯಾರಿಸ್‌ನಲ್ಲಿ ಒಂದು ಕಯೆನ್ ಡೀಸೆಲ್ 285 ಟನ್ನಿನ ಎ380 ವಿಮಾನವನ್ನೇ ಎಳೆದು ಗಿನ್ನೆಸ್ ದಾಖಲೆ ಮಾಡಿತು. ಎಷ್ಟು ದೂರ? 42 ಮೀಟರ್, ಮಟ್ಟಸ ನೆಲದ ಮೇಲೆ. ಚೋರ್ಲಾ ಘಾಟ್‌ನಲ್ಲಿ ಅಲ್ಲ.

ಓವರ್‌ರನ್ ಬ್ರೇಕ್ ಹಾಕಿಸಿ. ಗಾಡಿ ನಿಧಾನ ಆದಾಗ ಟ್ರೇಲರ್ ಮುಂದಕ್ಕೆ ನೂಕುತ್ತಲ್ಲ, ಆ ನೂಕುವಿಕೆಯೇ ಕಪ್ಲರ್ ಒಳಗಿನ ರಾಡ್ ತಳ್ಳಿ ಟ್ರೇಲರಿನ ಬ್ರೇಕ್ ಹಿಡಿಸುತ್ತೆ. ವೈರ್ ಏನೂ ಬೇಡ. ವೈರಿಂಗ್ ಅಂದಾಗ ನೆನಪಾಯ್ತು, ಟ್ರೇಲರ್ ಲೈಟನ್ನ ಸುಮ್ನೆ ಟೇಲ್‌ಲೈಟಿನ ವೈರಿಗೆ ಸುತ್ತಿಬಿಟ್ಟಿದ್ರೆ, ಹಿಂದೆ ಟ್ರೇಲರ್ ಇದೆ ಅಂತ ಗಾಡಿಯ ಕಂಪ್ಯೂಟರಿಗೆ ಗೊತ್ತೇ ಆಗಲ್ಲ. ಟ್ರೇಲರ್ ಓಲಾಡಿದಾಗ ಹಿಡಿಯೋ ವ್ಯವಸ್ಥೆ ಇದ್ರೂ ಮಲಗೇ ಇರುತ್ತೆ. ಟ್ರೇಲರ್ ಇದೆ ಅಂತ ಕಂಪ್ಯೂಟರಿಗೆ ತಿಳಿಸೋ ಮಾಡ್ಯೂಲ್ ಸಮೇತ ವೈರಿಂಗ್ ಮಾಡಿಸಿ.

ಘಾಟ್_ಸವಾರ
ಚೋರ್ಲಾ ಇಳಿಯುವಾಗ ಆಟೋಮ್ಯಾಟಿಕ್ ಗೇರನ್ನ ಡಿಗೆ (ಡ್ರೈವ್) ಹಾಕಿ ಬ್ರೇಕ್ ಮೇಲೆ ಕಾಲಿಟ್ಟು ಕೂತಿರಬೇಡಿ. ಮ್ಯಾನುಯಲ್ ಮೋಡ್‌ನಲ್ಲಿ ಎರಡೋ ಮೂರೋ ಗೇರಿಗೆ ತಂದು ಇಂಜಿನ್ ಮೇಲೇ ಇಳಿಸಿ. ತಿರುವುಗಳಲ್ಲಿ ಟ್ರೇಲರ್ ಒಳಗಡೆಯಿಂದ ಕತ್ತರಿಸಿಕೊಂಡು ಬರುತ್ತೆ, ಎದುರು ಯಾರೂ ಇಲ್ಲ ಅಂತ ನೋಡಿಕೊಂಡು ಅಗಲವಾಗಿ ತಿರುಗಿಸಿ. ಹಿಂದಿನ ಟೈರಿನ ಗಾಳಿ ಬಾಗಿಲ ಹತ್ರದ ಸ್ಟಿಕರ್‌ನಲ್ಲಿರೋ ಫುಲ್ ಲೋಡ್ ಲೆಕ್ಕಕ್ಕೇ ಇರಲಿ. ಆ ತೆಳ್ಳನೆ ಟೈರಿಗೆ ಗಾಳಿ ಕಡಿಮೆ ಆದ್ರೆ ಮುಗೀತು.

ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಅಂದ್ರೆ ಅದೇ ಒಂದು ಬೇರೆ ವಾಹನ. ನೋಂದಣಿ, ಇನ್ಶೂರೆನ್ಸ್ ಬಗ್ಗೆ ಆರ್‌ಟಿಓದಲ್ಲಿ ಕೇಳಿಯೇ ರಸ್ತೆಗಿಳಿಸಿ. ಏನಾದ್ರೂ ಆದ ಮೇಲೆ ಕ್ಲೇಮ್ ಕೇಳೋಕೆ ಹೋದ್ರೆ ಮೊದಲ ಪ್ರಶ್ನೆಯೇ ಅದು.

ಕೆಸರುಪ್ರೇಮಿ_ಕೆಎ22
ಅಪ್‌ಡೇಟ್. ಭಾನುವಾರ ತೂಗಿದೆ. ಜಿಪ್ಸಿ ರಿವರ್ಸ್‌ನಲ್ಲಿದ್ದಾಗ ಕಪ್ಲರ್ ಮೇಲೆ ಬರೀ 25 ಕೆಜಿ! ಮೂತಿ ಮುಂದಕ್ಕೆ ಮಾಡಿ ಏರಿಸಿದ್ರೆ 90. ಇನ್ನೊಂದೆರಡು ಇಂಚು ಮುಂದೆ ತಂದೆ, 105ಕ್ಕೆ ಬಂತು. ಅಲ್ಲೇ ಗಾಲಿ ಪಕ್ಕ ಬಣ್ಣದಲ್ಲಿ ಗೆರೆ ಎಳೆದಿದ್ದೇನೆ. ಮನೆಯವಳಿಗೆ ತೂಕದ ಮಷಿನ್ ಗ್ರೀಸ್ ಆಗಿದ್ದು ಇನ್ನೂ ಗೊತ್ತಾಗಿಲ್ಲ.

ಬ್ರೇಕ್ ಇಲ್ಲದೆ ಹೈವೇಗೆ ತರಲ್ಲ ಮಾಸ್ತರೇ, ಆಕ್ಸಲ್ ಬಿಚ್ಚಿ ಕೊಟ್ಟಿದ್ದೇನೆ, ಕಾಗದಪತ್ರವೂ ಆಗಬೇಕು. ಈ ಸಲ ಜಿಪ್ಸಿಯನ್ನ ತಮ್ಮನೇ ಓಡಿಸಿಕೊಂಡು ಬರ್ತಾನೆ, ಕಿವಿಗೆ ಹತ್ತಿ ಇಟ್ಕೊಂಡು.