ತಿಪಟೂರು ನಿಲ್ದಾಣದ ರೈಲುಗಳು: ನಿವೃತ್ತ ಸ್ಟೇಷನ್ ಮಾಸ್ತರರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಕೊಬ್ಬರಿ ವರ್ತಕರೊಬ್ಬರಿಂದ): ನಮಸ್ಕಾರ ಸರ್. ನಮ್ಮ ತಿಪಟೂರು ಉತ್ತರ ಭಾರತಕ್ಕೆಲ್ಲ ಉಂಡೆ ಕೊಬ್ಬರಿ ಕಳುಹಿಸುವ ಊರು. ಹರಾಜಿನ ದಿನ ಹೊರಗಿನಿಂದ ಖರೀದಿದಾರರು ಬರುತ್ತಾರೆ, ನಾವೂ ತಿಂಗಳಿಗೆ ನಾಲ್ಕು ಸಲ ಬೆಂಗಳೂರು, ಹುಬ್ಬಳ್ಳಿ ಎಂದು ಓಡಾಡುತ್ತೇವೆ. ಆದರೂ ಕೆಲವು ವೇಗದ ರೈಲುಗಳು ಇಲ್ಲಿ ನಿಲ್ಲದೆ, 25 ಕಿಲೋಮೀಟರ್ ಮುಂದಿರುವ ಅರಸೀಕೆರೆಯಲ್ಲಿ ಹೋಗಿ ನಿಲ್ಲುತ್ತವೆ. ಎರಡು ನಿಮಿಷ ನಿಲ್ಲಿಸಿದರೆ ರೈಲ್ವೆಗೆ ಆಗುವ ನಷ್ಟವೇನು? ಸ್ಟೇಷನ್ ಮಾಸ್ತರರಿಗೆ ಮನವಿ ಕೊಟ್ಟರೆ ಕೆಲಸ ಆಗುತ್ತದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಸೇವೆಯಲ್ಲಿದ್ದಷ್ಟು ಕಾಲವೂ ನನ್ನ ಮೇಜಿನ ಮೇಲೆ ಇಂಥ ಮನವಿಗಳು ಬಂದು ಕೂರುತ್ತಿದ್ದವು. ರೈಲನ್ನು ನಿಲ್ಲಿಸುವ ಅಥವಾ ನಿಲ್ಲಿಸದಿರುವ ಅಧಿಕಾರ ಸ್ಟೇಷನ್ ಮಾಸ್ತರರಿಗೆ ಇಲ್ಲ. ಮೈಸೂರು ರೈಲ್ವೆ ವಿಭಾಗದ ವಾಣಿಜ್ಯ ಶಾಖೆ ಟಿಕೆಟ್ ಮಾರಾಟದ ಲೆಕ್ಕ ತೆಗೆಯುತ್ತದೆ, ಕಾರ್ಯಾಚರಣೆ ಶಾಖೆ ವೇಳಾಪಟ್ಟಿಯಲ್ಲಿ ಜಾಗವಿದೆಯೇ ಎಂದು ನೋಡುತ್ತದೆ, ಆ ಎರಡೂ ಸೇರಿ ಹುಬ್ಬಳ್ಳಿಯಲ್ಲಿರುವ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಗೆ ಹೋಗಿ, ಅಲ್ಲಿಂದ ದೆಹಲಿಯ ರೈಲ್ವೆ ಮಂಡಳಿಗೆ ತಲುಪಿದ ಮೇಲಷ್ಟೇ ಹೊಸ ನಿಲುಗಡೆಯ ಆದೇಶ ಬರುತ್ತದೆ. ಬಂದರೂ ಬಹುತೇಕ ಅದು ಆರು ತಿಂಗಳ ಪ್ರಾಯೋಗಿಕ ನಿಲುಗಡೆಯಾಗಿರುತ್ತದೆ.

ಇನ್ನು ಎರಡು ನಿಮಿಷದ ವಿಷಯ. ನೀವು ಪ್ಲಾಟ್‌ಫಾರಂ ಮೇಲೆ ನಿಂತು ಕಾಣುವುದು ಎರಡೇ ನಿಮಿಷ. ಆದರೆ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವ 22 ಬೋಗಿಗಳ ರೈಲು ನಿಲ್ದಾಣಕ್ಕೆ ಬಹು ಮೊದಲೇ ವೇಗ ತಗ್ಗಿಸಬೇಕು, ಮೇನ್ ಲೈನಿನ ಪಕ್ಕದ ಲೂಪ್ ಲೈನಿಗೆ ತೆಗೆದುಕೊಳ್ಳುವುದಾದರೆ ಸಾಮಾನ್ಯವಾಗಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹಳಿ ಬದಲಿಸುವ ಪಾಯಿಂಟ್ ದಾಟಬೇಕು, ಹೊರಟ ಮೇಲೆ ಮತ್ತೆ ಹಳೆಯ ವೇಗಕ್ಕೆ ಏರಲು ಹಲವು ಕಿಲೋಮೀಟರ್ ಓಡಬೇಕು. ಹೀಗೆ ಎರಡು ನಿಮಿಷದ ನಿಲುಗಡೆಗೆ ಒಟ್ಟು ಆರೇಳು ನಿಮಿಷ ತಗಲುತ್ತದೆ. ಹಿಂದೆ ಮತ್ತೊಂದು ವೇಗದ ರೈಲು ಬರುತ್ತಿದ್ದರೆ ಅದಕ್ಕೂ ಹಳದಿ ಸಿಗ್ನಲ್ ಕಾಣುತ್ತದೆ, ಅದರ ಸಮಯವೂ ಹೋಗುತ್ತದೆ.

ಅರಸೀಕೆರೆಗೆ ಈ ರಿಯಾಯಿತಿ ಸಿಗುವುದು ಅದು ದೊಡ್ಡ ಊರು ಎಂಬ ಕಾರಣಕ್ಕಲ್ಲ. ಪೇಟೆಯ ವಹಿವಾಟಿನಲ್ಲಿ ತಿಪಟೂರು ಅದಕ್ಕೇನೂ ಕಡಿಮೆಯಿಲ್ಲ. ಆದರೆ ಅರಸೀಕೆರೆ ಜಂಕ್ಷನ್. ಹಾಸನ, ಹೊಳೆನರಸೀಪುರ, ಮೈಸೂರು ಕಡೆಗೆ ಹೋಗುವ ಹಳಿ ಅಲ್ಲಿಂದ ಕವಲೊಡೆಯುತ್ತದೆ. ಅಲ್ಲಿ ನಿಲ್ಲುವ ರೈಲು ಆ ಊರಿನವರನ್ನಷ್ಟೇ ಅಲ್ಲ, ಇನ್ನೊಂದು ಮಾರ್ಗದ ಪ್ರಯಾಣಿಕರನ್ನೂ ಹತ್ತಿಸಿಕೊಳ್ಳುತ್ತದೆ.

ಇಲ್ಲಿ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕು. ನಾನು ಕೆಲಸ ಮಾಡಿದ ಒಂದು ಪೇಟೆ ಊರಿನಲ್ಲಿ ಜನ ಬಸ್ಸು ಹತ್ತಿ ಜಂಕ್ಷನ್‌ಗೆ ಹೋಗಿ, ಅಲ್ಲಿಯೇ ಟಿಕೆಟ್ ಕೊಂಡು ರೈಲು ಹಿಡಿಯುತ್ತಿದ್ದರು. ವಾಪಸು ಬರುವಾಗ ನಮ್ಮಲ್ಲಿ ನಿಲ್ಲುವ ರೈಲಿನಲ್ಲೇ ಬಂದರೂ ರೂಢಿಯಂತೆ ಜಂಕ್ಷನ್‌ವರೆಗಿನ ಟಿಕೆಟ್ಟನ್ನೇ ಪಡೆದು, ನಡುವೆ ನಮ್ಮ ನಿಲ್ದಾಣದಲ್ಲಿ ಇಳಿದುಬಿಡುತ್ತಿದ್ದರು. ನಿಲುಗಡೆಯ ಬೇಡಿಕೆ ಬಂದು ಮೇಲಿನವರು ಅಂಕಿ ಅಂಶ ಕೇಳಿದಾಗ ನಮ್ಮ ನಿಲ್ದಾಣದ ಪುಟ ತೆಳ್ಳಗಿತ್ತು, ಜಂಕ್ಷನ್‌ನ ಪುಟ ದಪ್ಪಗಿತ್ತು. ಹತ್ತುವವರ ಮತ್ತು ಇಳಿಯುವವರ ಸಂಖ್ಯೆಯನ್ನು ಕಾಗದದ ಮೇಲೆ ಟಿಕೆಟ್ ಮಾತ್ರ ಹೇಳುತ್ತದೆ. ಆದ್ದರಿಂದ ನಿಲ್ಲುವ ರೈಲುಗಳಿಗಾದರೂ ತಿಪಟೂರಿನಿಂದಲೇ, ತಿಪಟೂರಿಗೇ ಟಿಕೆಟ್ ತೆಗೆದುಕೊಳ್ಳಿ.

ಪ್ರಶ್ನೆ (ತುಮಕೂರಿನಲ್ಲಿ ಪದವಿ ಓದುತ್ತಿರುವ ವಿದ್ಯಾರ್ಥಿನಿ): ಸರ್, ನಾನು ದಿನಾ ತಿಪಟೂರಿನಿಂದ ತುಮಕೂರಿಗೆ ಹೋಗಿ ಬರುತ್ತೇನೆ. ಪ್ಯಾಸೆಂಜರ್ ರೈಲನ್ನು ನಡುವಿನ ಯಾವುದಾದರೂ ಚಿಕ್ಕ ನಿಲ್ದಾಣದಲ್ಲಿ ನಿಲ್ಲಿಸಿ, ಹಿಂದಿನಿಂದ ಬಂದ ಎಕ್ಸ್‌ಪ್ರೆಸ್ಸನ್ನು ಮುಂದೆ ಬಿಡುತ್ತಾರೆ. ಈಗ ಜೋಡಿ ಹಳಿ ಇರುವಾಗಲೂ ಹೀಗೇಕೆ? ನನ್ನ ಪಾಸ್ ಎಕ್ಸ್‌ಪ್ರೆಸ್‌ಗೂ ನಡೆಯುತ್ತದೆಯೇ?

ಉತ್ತರ: ಜೋಡಿ ಹಳಿ ಬಂದದ್ದರಿಂದ ತಪ್ಪಿದ್ದು ಎದುರಿನಿಂದ ಬರುವ ರೈಲಿಗಾಗಿ ಕಾಯುವ ತಾಪತ್ರಯ, ಅಂದರೆ ಕ್ರಾಸಿಂಗ್ ಮಾತ್ರ. ಒಂದು ಹಳಿ ಬೆಂಗಳೂರಿನ ಕಡೆಗೆ, ಇನ್ನೊಂದು ಹುಬ್ಬಳ್ಳಿಯ ಕಡೆಗೆ ಮೀಸಲು. ಆದರೆ ಒಂದೇ ದಿಕ್ಕಿನಲ್ಲಿ ಮುಂದೆ ನಿಧಾನದ ರೈಲು, ಹಿಂದೆ ವೇಗದ ರೈಲು ಇದ್ದರೆ ಆ ಒಂದು ಹಳಿಯ ಮೇಲೆ ಹಿಂದಿನದು ಹಾರಿ ಹೋಗಲು ಆಗುವುದಿಲ್ಲ. ನಮ್ಮ ವ್ಯವಸ್ಥೆಯ ಮೂಲ ನಿಯಮವೇನೆಂದರೆ ಎರಡು ನಿಲ್ದಾಣಗಳ ನಡುವಿನ ಒಂದು ಬ್ಲಾಕಿನಲ್ಲಿ, ಒಂದು ಹಳಿಯ ಮೇಲೆ, ಒಂದು ಸಮಯಕ್ಕೆ ಒಂದೇ ರೈಲು ಇರಬೇಕು. ನಿಮ್ಮ ಪ್ಯಾಸೆಂಜರ್ ಕರಡಿ, ಅರಳಗುಪ್ಪೆ, ಬಾಣಸಂದ್ರ, ಅಮ್ಮಸಂದ್ರ, ಸಂಪಿಗೆ ರಸ್ತೆ, ನಿಟ್ಟೂರು, ಗುಬ್ಬಿ ಎಂದು ನಿಂತು ನಿಂತು ಹೋಗುವ ರೈಲು. ಅದನ್ನು ಮುಂದೆ ಬಿಟ್ಟರೆ ಹಿಂದಿನ ಎಕ್ಸ್‌ಪ್ರೆಸ್ ತುಮಕೂರಿನವರೆಗೂ ಅದರ ಬಾಲ ಹಿಡಿದೇ ತೆವಳಬೇಕಾಗುತ್ತದೆ. ಅದಕ್ಕಾಗಿ ಲೂಪ್ ಲೈನ್ ಇರುವ ಕಡೆ ಪ್ಯಾಸೆಂಜರನ್ನು ಪಕ್ಕಕ್ಕೆ ಸರಿಸಿ, ಎಕ್ಸ್‌ಪ್ರೆಸ್ಸನ್ನು ಮೇನ್ ಲೈನಿನಲ್ಲಿ ದಾಟಿಸುತ್ತಾರೆ. ದಾಟಿದ ಮೇಲೂ ಅದು ಮುಂದಿನ ನಿಲ್ದಾಣ ತಲುಪಿ ಬ್ಲಾಕ್ ತೆರವಾಗುವ ತನಕ ನಿಮಗೆ ಸಿಗ್ನಲ್ ಸಿಗುವುದಿಲ್ಲ. ನೀವು ಕಿಟಕಿಯಲ್ಲಿ ಎಣಿಸುವ ಹದಿನೈದು ಇಪ್ಪತ್ತು ನಿಮಿಷ ಹೀಗೆ ಕಳೆಯುತ್ತದೆ. ಯಾವುದನ್ನು ಎಲ್ಲಿ ನಿಲ್ಲಿಸಬೇಕೆಂದು ನಿರ್ಧರಿಸುವವರು ವಿಭಾಗೀಯ ಕಚೇರಿಯಲ್ಲಿ ಕುಳಿತ ಸೆಕ್ಷನ್ ಕಂಟ್ರೋಲರ್. ಪ್ಲಾಟ್‌ಫಾರಂ ಮೇಲೆ ಸಿಕ್ಕುವ ಸ್ಟೇಷನ್ ಮಾಸ್ತರರನ್ನು ಬೈಯುವುದರಿಂದ ರೈಲು ಬೇಗ ಹೊರಡುವುದಿಲ್ಲ. (ನಾನು ಬೈಸಿಕೊಂಡ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.)

ಪಾಸ್ ಬಗ್ಗೆ. ಮಾಸಿಕ ಪಾಸ್ ಎರಡನೇ ದರ್ಜೆಯದಾಗಿದ್ದರೆ ಕಾಯ್ದಿರಿಸದ ಸಾಮಾನ್ಯ ಬೋಗಿಯಲ್ಲಿ ಮಾತ್ರ ನಡೆಯುತ್ತದೆ, ಸ್ಲೀಪರ್ ಬೋಗಿಯಲ್ಲಿ ಜಾಗ ಖಾಲಿ ಇದ್ದರೂ ಕೂರುವಂತಿಲ್ಲ. ಎಕ್ಸ್‌ಪ್ರೆಸ್‌ನ ಸಾಮಾನ್ಯ ಬೋಗಿಗೆ ತೊಂದರೆಯಿಲ್ಲ. ಸೂಪರ್‌ಫಾಸ್ಟ್ ಎಂದು ವರ್ಗೀಕರಿಸಿದ ರೈಲು ಹತ್ತುವುದಾದರೆ ಅದರ ಹೆಚ್ಚುವರಿ ಶುಲ್ಕವನ್ನು ಪಾಸ್ ಪಡೆಯುವಾಗಲೇ ಸೇರಿಸಿ ಕಟ್ಟಿರಬೇಕು. ನಿಮಗೆ ಇದಕ್ಕಿಂತ ಮುಖ್ಯವಾದ ವಿಷಯ ಬೇರೆ ಇದೆ. ಮನೆಯಿಂದ ವಿದ್ಯಾಸಂಸ್ಥೆಗೆ ಓಡಾಡುವ ಹೆಣ್ಣುಮಕ್ಕಳಿಗೆ ಪದವಿ ಮುಗಿಯುವವರೆಗೆ, ಗಂಡುಮಕ್ಕಳಿಗೆ ಹನ್ನೆರಡನೇ ತರಗತಿಯವರೆಗೆ ಎರಡನೇ ದರ್ಜೆಯ ಮಾಸಿಕ ಪಾಸ್ ಉಚಿತ. ಕಾಲೇಜಿನಿಂದ ದೃಢೀಕರಣ ಪತ್ರ ತಂದು ಕೌಂಟರಿನಲ್ಲಿ ಕೇಳಿ. ಗೊತ್ತಿಲ್ಲದೆ ಎಷ್ಟೋ ಹೆಣ್ಣುಮಕ್ಕಳು ಹಣ ಕೊಟ್ಟೇ ಪಾಸ್ ಮಾಡಿಸುವುದನ್ನು ನೋಡಿದ್ದೇನೆ.

ಪ್ರಶ್ನೆ (ಅರಸೀಕೆರೆಯಿಂದ): ಇದಕ್ಕೇ ಸೇರಿದಂತೆ ಕೇಳುತ್ತಿದ್ದೇನೆ ಸರ್. ತಿಪಟೂರಿನ ಗೆಳೆಯನಿಗೆ ಬೆಂಗಳೂರಿಗೆ ಪಾಸ್ ಕೊಡುತ್ತಾರೆ, ನನಗೆ ಇಲ್ಲ ಎನ್ನುತ್ತಾರೆ. ಇದ್ಯಾವ ನ್ಯಾಯ?

ಉತ್ತರ: ಇದು ಬರೀ ಲೆಕ್ಕದ ಮಾತು. ಪಾಸ್ ನೀಡುವ ಗರಿಷ್ಠ ದೂರ 150 ಕಿಲೋಮೀಟರ್. ತಿಪಟೂರಿನಿಂದ ಬೆಂಗಳೂರಿಗೆ ಸುಮಾರು 140, ಅರಸೀಕೆರೆಯಿಂದ ಸುಮಾರು 166. ಎಲ್ಲ ಅನುಕೂಲಗಳೂ ಜಂಕ್ಷನ್‌ಗೇ ಎಂದು ದೂರುವ ತಿಪಟೂರಿನವರು ಇದನ್ನು ಓದಿ ಸಮಾಧಾನಪಡಲಿ.

ಪ್ರಶ್ನೆ: ಬೆಳಿಗ್ಗೆ ಹತ್ತು ಗಂಟೆಗೇ ಮೊಬೈಲಿನಲ್ಲಿ ಬೆಂಗಳೂರಿಗೆ ಸಾಮಾನ್ಯ ಟಿಕೆಟ್ ತೆಗೆದಿಟ್ಟುಕೊಂಡು, ಮಂಡಿಯ ಕೆಲಸ ಮುಗಿಸಿ ಸಂಜೆಯ ರೈಲಿಗೆ ಹೋದರೆ ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ. 199 ಕಿಲೋಮೀಟರ್ ಒಳಗಿನ ಕಾಯ್ದಿರಿಸದ ಟಿಕೆಟ್ ಪಡೆದ ಮೇಲೆ ಮೂರು ಗಂಟೆಯೊಳಗೆ, ಅಥವಾ ಆ ಕಡೆಗೆ ಹೊರಡುವ ಮೊದಲ ರೈಲಿನ ತನಕ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಪ್ರಯಾಣ ಆರಂಭಿಸಬೇಕು. 200 ಕಿಲೋಮೀಟರ್ ಮೀರಿದರೆ ಮೂರು ದಿನ ಮುಂಚಿತವಾಗಿಯೂ ಪಡೆಯಬಹುದು. ಪ್ಯಾಸೆಂಜರ್ ಟಿಕೆಟ್ ಹಿಡಿದು ಎಕ್ಸ್‌ಪ್ರೆಸ್ ಹತ್ತುವುದೂ ತಪ್ಪು. ರೈಲಿನ ಐದಂಕಿಯ ಸಂಖ್ಯೆ 5, 6 ಅಥವಾ 7ರಿಂದ ಆರಂಭವಾಗಿದ್ದರೆ ಅದು ಪ್ಯಾಸೆಂಜರ್, ಮೆಮು (ಕಡಿಮೆ ದೂರದ ವಿದ್ಯುತ್ ರೈಲು) ಅಥವಾ ಡೆಮು (ಅಂಥದೇ ಡೀಸೆಲ್ ರೈಲು), 1 ಅಥವಾ 2ರಿಂದ ಆರಂಭವಾಗಿದ್ದರೆ ದೂರದ ಎಕ್ಸ್‌ಪ್ರೆಸ್ ಎಂದು ನೆನಪಿಟ್ಟುಕೊಂಡರೆ ಗೊಂದಲವಾಗುವುದಿಲ್ಲ. ಸರಿಯಾದ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಪ್ರಯಾಣದರದ ಜೊತೆಗೆ ಕನಿಷ್ಠ 250 ರೂಪಾಯಿ ದಂಡ.

ಪ್ರಶ್ನೆ (ಮೊದಲ ವರ್ತಕರು): ಕೊಬ್ಬರಿಯನ್ನು ರೈಲಿನಲ್ಲೇ ಕಳುಹಿಸಲು ಏನಾದರೂ ದಾರಿ ಇದೆಯೇ ಸರ್? ಈಗ ಎಲ್ಲವೂ ಲಾರಿಯ ಮೇಲೆಯೇ ಹೋಗುತ್ತಿದೆ, ಬಾಡಿಗೆ ಕೊಟ್ಟು ಸುಸ್ತಾಗಿದ್ದೇವೆ.

ಉತ್ತರ: ಮೂರು ದಾರಿಗಳಿವೆ, ಮೂರರಲ್ಲೂ ತೊಡಕಿದೆ.

ಪೂರ್ತಿ ಗೂಡ್ಸ್ ರೈಲು ಎಂದರೆ ಮುಚ್ಚಿದ ವ್ಯಾಗನ್ನುಗಳು 42ರ ಆಸುಪಾಸು, ಸುಮಾರು 2,600 ಟನ್ ಸರಕು. ಒಬ್ಬ ವರ್ತಕರ ಕೈಯಲ್ಲಿ ಒಂದೇ ದಿನ ಅಷ್ಟು ಕೊಬ್ಬರಿ ಇರುವುದಿಲ್ಲ. ಇದ್ದರೂ ಉಂಡೆ ಕೊಬ್ಬರಿ ಹಗುರವಾದ ಸರಕು, ವ್ಯಾಗನ್ನಿನ ಜಾಗ ತುಂಬಿದರೂ ತೂಕ ತುಂಬುವುದಿಲ್ಲ. ಸಿಮೆಂಟಿಗೂ ಗೊಬ್ಬರಕ್ಕೂ ಹೊಂದುವ ವ್ಯವಸ್ಥೆ ಕೊಬ್ಬರಿಗೆ ಹೊಂದದಿರುವುದು ಇದೇ ಕಾರಣಕ್ಕೆ.

ಎರಡನೆಯದು 23 ಟನ್ ಹಿಡಿಯುವ ಪಾರ್ಸೆಲ್ ವ್ಯಾನ್. ಇದು ಒಂದು ದೊಡ್ಡ ಲಾರಿಯ ಲೋಡಿಗೆ ಸಮ, ಆದ್ದರಿಂದ ನಾಲ್ಕೈದು ಮಂಡಿಗಳವರು ಕೂಡಿಕೊಂಡರೆ ತುಂಬಬಹುದು. ಆದರೆ ಅದನ್ನು ರೈಲಿಗೆ ಜೋಡಿಸಲು, ಲೋಡು ಮಾಡಲು ಸಮಯ ಮತ್ತು ಜಾಗ ಬೇಕು. ಎರಡು ನಿಮಿಷ ನಿಲ್ಲುವ ಕಡೆ ಅದು ಆಗದು, ರೈಲು ಹೊರಡುವ ದೊಡ್ಡ ನಿಲ್ದಾಣಕ್ಕೇ ಸರಕು ಒಯ್ಯಬೇಕು.

ಮೂರನೆಯದು ಗಾರ್ಡ್ ಬೋಗಿಯ ಪಕ್ಕದಲ್ಲಿರುವ, ಸುಮಾರು ನಾಲ್ಕು ಟನ್ನಿನ ಲಗೇಜ್ ಕೋಣೆ. ಚಿಲ್ಲರೆ ಪಾರ್ಸೆಲ್ ಹೋಗುವುದು ಇದರಲ್ಲೇ. ಅನೇಕ ರೈಲುಗಳಲ್ಲಿ ಇದನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ. ಇಲ್ಲಿಯೂ ಕನಿಷ್ಠ ಐದು ನಿಮಿಷದ ನಿಲುಗಡೆ ಇಲ್ಲದಿದ್ದರೆ ಚೀಲ ಹತ್ತಿಸುವುದು ಕಷ್ಟ. ಮಾದರಿ ಚೀಲಗಳನ್ನೋ ಹತ್ತಿಪ್ಪತ್ತು ಮೂಟೆಗಳನ್ನೋ ಕಳುಹಿಸಲು ಇದು ಸಾಕು, ಹರಾಜಿನ ಮಾಲು ಸಾಗಿಸಲು ಸಾಲದು. ನನ್ನ ಪ್ರಾಮಾಣಿಕ ಅಭಿಪ್ರಾಯ ಕೇಳಿದರೆ, ಮಂಡಿಯ ಬಾಗಿಲಿನಿಂದ ಖರೀದಿದಾರರ ಬಾಗಿಲಿಗೆ ಹೋಗುವ ಲಾರಿಯ ಎದುರು ರೈಲು ಗೆಲ್ಲಬೇಕಾದರೆ ಎರಡೂ ಕಡೆಯ ಇಳಿಸಿ ಏರಿಸುವ ಹಮಾಲಿಯನ್ನು ಸೇರಿಸಿ ಲೆಕ್ಕ ಹಾಕಬೇಕು. ಹಾಗೆ ಹಾಕಿದಾಗ ಪಾರ್ಸೆಲ್ ವ್ಯಾನ್ ಮಾತ್ರ, ಅದೂ ದೂರದ ಊರುಗಳಿಗೆ, ವಿಚಾರಿಸಿ ನೋಡಲು ಯೋಗ್ಯವಾಗಿ ಉಳಿಯುತ್ತದೆ.

ಇನ್ನೊಂದು ಎಚ್ಚರಿಕೆ. ಸಾಮಾನ್ಯ ಬೋಗಿಯಲ್ಲಿ ಒಬ್ಬರಿಗೆ 35 ಕಿಲೋ, ಸ್ಲೀಪರಿನಲ್ಲಿ 40 ಕಿಲೋ ಲಗೇಜ್ ಉಚಿತ ಎಂಬುದು ಪ್ರಯಾಣಿಕರ ಸ್ವಂತ ಸಾಮಾನಿಗೆ ಅನ್ವಯಿಸುವ ನಿಯಮ. ವ್ಯಾಪಾರದ ಮೂಟೆಯನ್ನು ಸೀಟಿನ ಕೆಳಗೆ ತಳ್ಳಿ ಒಯ್ಯಲು ಅದು ಪರವಾನಗಿಯಲ್ಲ. ಎಣ್ಣೆಯಂಶದ ಕಾರಣ ಕೊಬ್ಬರಿಯನ್ನು ವಿಮಾನ ಸಾಗಣೆಯವರು ತಾನಾಗಿಯೇ ಬಿಸಿಯೇರಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ. ತೇವ ಉಳಿದ ಮಾಲನ್ನು ಒತ್ತಿ ತುಂಬಿದರೆ ಏನಾಗುತ್ತದೆ ಎಂಬುದು ಅಟ್ಟದ ಮೇಲೆ ಕಾಯಿ ಒಣಗಿಸಿದ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ (ಗೃಹಿಣಿಯೊಬ್ಬರು): ನಮ್ಮ ಅತ್ತೆಯವರಿಗೆ ಮಂಡಿನೋವು. ರೈಲು ಎರಡೇ ನಿಮಿಷ ನಿಲ್ಲುವುದರಿಂದ ಹತ್ತಿಸುವುದು ಹೇಗೆಂದು ಭಯವಾಗುತ್ತದೆ.

ಉತ್ತರ: ಅರ್ಧ ಗಂಟೆ ಮೊದಲೇ ಬಂದು, ನಿಮ್ಮ ಬೋಗಿ ಎಲ್ಲಿ ನಿಲ್ಲುತ್ತದೆಂದು ಫಲಕದಲ್ಲೋ ಮೊಬೈಲಿನಲ್ಲೋ ನೋಡಿ, ಅವರನ್ನು ಅಲ್ಲಿಯೇ ಕೂರಿಸಿ. 22 ಬೋಗಿಯ ರೈಲು ಅರ್ಧ ಕಿಲೋಮೀಟರಿಗಿಂತ ಉದ್ದ, ರೈಲು ಬಂದ ಮೇಲೆ ಅಷ್ಟು ದೂರ ಓಡಿಸಲಾಗದು. ಟಿಕೆಟ್ ಕಾಯ್ದಿರಿಸುವಾಗ ಅವರ ವಯಸ್ಸನ್ನು ಸರಿಯಾಗಿ ನಮೂದಿಸಿ. 45 ದಾಟಿದ ಮಹಿಳೆಯರಿಗೆ ಕೆಳಗಿನ ಬರ್ತಿನ ಪ್ರತ್ಯೇಕ ಕೋಟಾ ಇದೆ. ಹತ್ತಿಸಲು ಬರುವವರು ಹತ್ತು ರೂಪಾಯಿಯ ಪ್ಲಾಟ್‌ಫಾರಂ ಟಿಕೆಟ್ ಮರೆಯದಿರಲಿ, ಅದು ಎರಡು ಗಂಟೆ ನಡೆಯುತ್ತದೆ.

ಪ್ರಶ್ನೆ: ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹೊಸ ಮಾರ್ಗ ಹಾಕುತ್ತಿದ್ದಾರಲ್ಲ, ಅದು ಮುಗಿದರೆ ನಮ್ಮ ಕಡೆಯ ರೈಲುಗಳೆಲ್ಲ ಅತ್ತ ಹೋಗಿಬಿಡುತ್ತವೆ ಎಂದು ಹೇಳುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. 191 ಕಿಲೋಮೀಟರಿನ ಆ ಮಾರ್ಗ ಅರಸೀಕೆರೆ, ಬೀರೂರು ಸುತ್ತಿ ಬರುವ ಈಗಿನ ದಾರಿಗಿಂತ ಗಣನೀಯವಾಗಿ ಚಿಕ್ಕದು. ಆದ್ದರಿಂದ ಬೆಂಗಳೂರು ಹುಬ್ಬಳ್ಳಿ ನಡುವಿನ ಅತಿ ವೇಗದ ಕೆಲವು ರೈಲುಗಳನ್ನು ಅತ್ತ ತಿರುಗಿಸುವುದು ಸಹಜ. ಆದರೆ ಅವುಗಳಲ್ಲಿ ಹಲವು ತಿಪಟೂರಿನಲ್ಲಿ ಇವತ್ತೂ ನಿಲ್ಲುವುದಿಲ್ಲ. ಶಿವಮೊಗ್ಗದ ಹಳಿ ಬೀರೂರಿನಲ್ಲಿ, ಚಿಕ್ಕಮಗಳೂರಿನ ಹಳಿ ಕಡೂರಿನಲ್ಲಿ ಕವಲೊಡೆಯುವುದರಿಂದ ಆ ಕಡೆಯ ರೈಲುಗಳು ಬೆಂಗಳೂರಿಗೆ ಬರಲು ನಿಮ್ಮ ಊರನ್ನು ದಾಟಲೇಬೇಕು. ದಾಟಿ ಓಡುವ ರೈಲುಗಳು ಕಡಿಮೆಯಾದರೆ ಮೇಲೆ ವಿದ್ಯಾರ್ಥಿನಿ ಹೇಳಿದ ಲೂಪ್ ಲೈನಿನ ಕಾಯುವಿಕೆಯೂ ಕಡಿಮೆಯಾಗುತ್ತದೆ, ಅರಸೀಕೆರೆ ತುಮಕೂರು ನಡುವೆ ಮೆಮು ರೈಲು ಕೇಳಲು ವೇಳಾಪಟ್ಟಿಯಲ್ಲಿ ಜಾಗವೂ ಸಿಗುತ್ತದೆ. ನಾನಾಗಿದ್ದರೆ ನಿಲ್ಲದ ರೈಲು ಹೋಯಿತೆಂದು ಅಳುತ್ತಿರಲಿಲ್ಲ.

ಪ್ರಶ್ನೆ (ಮೊದಲ ವರ್ತಕರು): ಧನ್ಯವಾದ ಸರ್. ವರ್ತಕರ ಪರವಾಗಿ ಮನವಿ ಬರೆಯಬೇಕೆಂದಿದ್ದೇವೆ. ಅದರಲ್ಲಿ ಏನಿರಬೇಕು?

ಉತ್ತರ: ಎಲ್ಲ ರೈಲುಗಳನ್ನೂ ನಿಲ್ಲಿಸಿ ಎಂದು ಬರೆದ ಮನವಿಯನ್ನು ಯಾರೂ ಪೂರ್ತಿ ಓದುವುದಿಲ್ಲ. ಒಂದೇ ರೈಲನ್ನು ಆರಿಸಿ, ಅದರ ಸಂಖ್ಯೆ ಬರೆಯಿರಿ. ಅದು ತಿಪಟೂರನ್ನು ದಾಟುವ ಹೊತ್ತಿಗೆ ಹಿಂದೆ ಮುಂದೆ ಎರಡು ಗಂಟೆಯಲ್ಲಿ ಅದೇ ದಿಕ್ಕಿಗೆ ಬೇರೆ ಯಾವ ರೈಲು ನಿಲ್ಲುತ್ತದೆ ಎಂದು ತಿಳಿಸಿ. ಯಾವುದೂ ಇಲ್ಲದಿದ್ದರೆ ಅದೇ ನಿಮ್ಮ ಬಲವಾದ ವಾದ. ಹರಾಜಿನ ದಿನಗಳಲ್ಲಿ ಹೊರಗಿನಿಂದ ಬರುವವರ ಅಂದಾಜು ಸಂಖ್ಯೆ, ಅವರು ಈಗ ಎಲ್ಲಿ ಇಳಿದು ಬಸ್ಸಿನಲ್ಲಿ ಬರುತ್ತಿದ್ದಾರೆ ಎಂಬುದನ್ನು ಒಂದು ಪ್ಯಾರಾದಲ್ಲಿ ಹೇಳಿ. ಮೈಸೂರಿನ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಮೂಲ ಪ್ರತಿ, ವಿಭಾಗದ ಬಳಕೆದಾರರ ಸಲಹಾ ಸಮಿತಿಗೂ ಸಂಸದರಿಗೂ ಒಂದೊಂದು ಪ್ರತಿ ಕಳುಹಿಸಿ. ಸ್ಟೇಷನ್ ಮಾಸ್ತರರಿಗೂ ಒಂದು ಪ್ರತಿ ಕೊಡಿ. ಮೇಲಿನಿಂದ ವರದಿ ಕೇಳಿದಾಗ ಉತ್ತರ ಬರೆಯಬೇಕಾದವರು ಅವರೇ.